ಅಮ್ಮನ 'ಶಕ್ತಿ ಇಂಜೆಕ್ಷನ್' ಮತ್ತು ಜಿಮ್ ಹುಡುಗರ ಡೆಕಾ, ಎರಡೂ ಒಂದೇನಾ?

ತೋಟದ_ಮನೆ
ನಮಸ್ಕಾರ. ಇಲ್ಲಿ ಡಾಕ್ಟ್ರು, ಮೆಡಿಕಲ್ ಶಾಪ್‌ನೋರು ಇದ್ದೀರಿ ಅಂತ ಕೇಳ್ತಿದ್ದೀನಿ, ದಯವಿಟ್ಟು ತಮಾಷೆ ಮಾಡ್ಬೇಡಿ.

ನಮ್ದು ತೀರ್ಥಹಳ್ಳಿ ಕಡೆ. ಅಮ್ಮಂಗೆ 68. ಹೋದ ಮಳೆಗಾಲ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಮುಂಗೈ ಮೂಳೆ ಮುರೀತು. ಪ್ಲಾಸ್ಟರ್ ತೆಗೆದ ಮೇಲೂ ಸುಸ್ತು, ಸೊಂಟನೋವು, ಊಟ ಸೇರ್ತಿರ್ಲಿಲ್ಲ. ಡಾಕ್ಟ್ರೊಬ್ರು "ಶಕ್ತಿಗೆ ಒಂದು ಇಂಜೆಕ್ಷನ್ ಕೊಡ್ತೀನಿ, ಮೂರು ವಾರಕ್ಕೊಂದ್ಸಲ ಕರ್ಕೊಂಡು ಬನ್ನಿ" ಅಂದ್ರು. ನಿಜ ಹೇಳ್ಬೇಕಂದ್ರೆ ಅಮ್ಮ ಚೇತರಿಸ್ಕೊಂಡ್ಲು. ಊಟ ಸೇರ್ತು, ಬಾವಿಕಟ್ಟೆ ತನಕ ಒಬ್ಳೇ ಓಡಾಡಕ್ಕೆ ಶುರು ಮಾಡಿದ್ಲು.

ಮೊನ್ನೆ ಅಕ್ಕನ ಮಗ ರಜೆಗೆ ಬಂದಿದ್ದ. ಶಿವಮೊಗ್ಗದಲ್ಲಿ ಓದ್ತಾ ಜಿಮ್‌ಗೆ ಹೋಗೋ ಹುಡುಗ. ಕಿಟಕಿ ಮೇಲಿದ್ದ ಖಾಲಿ ಸೀಸೆ ನೋಡಿ "ಮಾವ, ಇದು ಡೆಕಾ ಅಲ್ವಾ, ನಮ್ ಜಿಮ್ಮಲ್ಲಿ ಹುಡುಗ್ರು ಹಾಕ್ಕೊಳ್ಳೋದು ಇದನ್ನೇ" ಅಂದ. ಸೀಸೆ ಮೇಲೆ ನ್ಯಾಂಡ್ರೊಲೋನ್ ಡೆಕನೋಯೇಟ್ 50 ಮಿಗ್ರಾಂ ಅಂತಿದೆ. ಅವತ್ತಿಂದ ನಂಗೆ ತಲೆಬಿಸಿ. ಯಾಕಂದ್ರೆ ಎರಡು ತಿಂಗಳಿಂದ ಅಮ್ಮನ ಧ್ವನಿ ದಪ್ಪ ಆಗಿದೆ. ಶನಿವಾರದ ಭಜನೆಲಿ ಮೇಲಿನ ಷಡ್ಜ ಮುಟ್ಟಕ್ಕೆ ಹೋದ್ರೆ ಧ್ವನಿ ಒಡೆದು ಕೆಳಗೆ ಬೀಳ್ತದೆ. ಶೀತ ಅಂತ ಕಷಾಯ ಮಾಡಿ ಕೊಟ್ಟಿದ್ದೇ ಕೊಟ್ಟಿದ್ದು. ಎಂತ ಮಾಡದು ಈಗ?

ಐರನ್_ಮಲ್ನಾಡ್
ಹೌದು ಅಣ್ಣ, ಅದೇ ಡೆಕಾ. ಅಮ್ಮ ಬಲ್ಕ್ ಆಗ್ತಿದ್ದಾರೆ 😂

ಕೊನೆಗೌಡ_ಹೊಸನಗರ
ತಮಾಷೆ ಬೇಡ ಅಂದ್ರಲ್ಲ ಮಾರಾಯ.

ಮೆಡಿಕಲ್_ಮಂಜ
ತೋಟದ ಮನೆಯವ್ರೇ, ಗಾಬರಿ ಬೇಡ. ಅದು ಕಳ್ಳ ಮಾಲಲ್ಲ. ನಮ್ಮ ಅಂಗಡಿಲೂ ಫ್ರಿಜ್ ಪಕ್ಕದ ಕಪಾಟಲ್ಲಿ ಇರ್ತದೆ, 25 ಮಿಗ್ರಾಂ ಮತ್ತು 50 ಮಿಗ್ರಾಂ. ಶೆಡ್ಯೂಲ್ ಎಚ್ ಔಷಧಿ, ಡಾಕ್ಟ್ರ ಚೀಟಿ ಇಲ್ದೆ ಕೊಡಂಗಿಲ್ಲ. ಎಣ್ಣೆಲಿ ಕರಗಿಸಿರ್ತಾರೆ, ಹಳದಿ ಬಣ್ಣ, ಚಳಿಗಾಲದಲ್ಲಿ ಸಿರಿಂಜಿಗೆ ಎಳೆಯಕ್ಕೇ ಬರಲ್ಲ, ನರ್ಸಮ್ಮಂದಿರು ಸೀಸೆನ ಎರಡೂ ಅಂಗೈ ನಡುವೆ ಉಜ್ಜಿ ಬಿಸಿ ಮಾಡ್ಕೊಂಡು ಎಳೀತಾರೆ. ಸೊಂಟದ ಸ್ನಾಯುವಿಗೆ ಕೊಟ್ರೆ ಅಲ್ಲೇ ಕೂತು ನಿಧಾನಕ್ಕೆ ರಕ್ತಕ್ಕೆ ಇಳೀತದೆ. ಮೂರು ವಾರಕ್ಕೊಂದ್ಸಲ ಅಂದಿದ್ದು ಅದಕ್ಕೇ.

ವಯಸ್ಸಾದೋರಿಗೆ ಬರೆಯೋ ಡಾಕ್ಟ್ರು ಇನ್ನೂ ಇದ್ದಾರೆ. ಮೊದಲು ಜಾಸ್ತಿ ಇತ್ತು.

ತುಂಗಾತೀರ
ಈ ಡೆಕಾನೂ ಸ್ಟೀರಾಯ್ಡೇ ಅಲ್ವಾ? ಸ್ಟೀರಾಯ್ಡ್ ಅಂದ್ರೆ ಮೂಳೆ ಸವೀತದೆ ಅಂತ ಕೇಳಿದೀನಿ. ನಮ್ಮತ್ತೆಗೆ ಉಬ್ಬಸಕ್ಕೆ ಅಂತ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ಕೊಟ್ಟು ಬೆನ್ನುಮೂಳೆನೇ ಕುಸಿದು ಹೋಯ್ತು. ಮೂಳೆ ಮುರಿದೋರಿಗೆ ಅದನ್ನೇ ಕೊಡದಾ? ಕಂಪ್ಲೇಂಟ್ ಮಾಡಿ ಮೊದಲು.

ಹಿನ್ನೀರು_ವೈದ್ಯೆ
ತುಂಗಾತೀರ ಅವರೇ, ನಿಮ್ಮತ್ತೆಯವರಿಗೆ ಕೊಟ್ಟಿದ್ದು ಪ್ರೆಡ್ನಿಸೊಲೋನ್ ಥರದ್ದಿರ್ಬೇಕು. ಅದು ಉರಿಯೂತ ಇಳಿಸೋ ಜಾತಿ, ತುಂಬಾ ದಿನ ತಗೊಂಡ್ರೆ ಸ್ನಾಯು ಕರಗತ್ತೆ, ಮೂಳೆ ತೆಳ್ಳಗಾಗತ್ತೆ. ನ್ಯಾಂಡ್ರೊಲೋನ್ ಗಂಡು ಹಾರ್ಮೋನ್ ಟೆಸ್ಟೋಸ್ಟೆರೋನಿನ ದಾಯಾದಿ. ದೇಹದಲ್ಲಿ ಪ್ರೋಟೀನ್ ಕಟ್ಟಿಸತ್ತೆ, ಹಸಿವು ಹೆಚ್ಚಿಸತ್ತೆ, ಮೂಳೆ ಸಾಂದ್ರತೆ ಸ್ವಲ್ಪ ಏರಿಸತ್ತೆ, ಕೆಂಪು ರಕ್ತಕಣ ಜಾಸ್ತಿ ಮಾಡತ್ತೆ. ಒಂದು ಕೆಡವೋ ಜಾತಿ, ಇನ್ನೊಂದು ಕಟ್ಟೋ ಜಾತಿ. ಕಂಪ್ಲೇಂಟ್ ಗಿಂಪ್ಲೇಂಟ್ ಆಮೇಲೆ ನೋಡೋಣ.

ತೋಟದ ಮನೆಯವರೇ, ನಿಮ್ಮ ಪ್ರಶ್ನೆಗೆ. ನಾನು ಸಾಗರ ಕಡೆ ಪ್ರಾಕ್ಟೀಸ್ ಮಾಡ್ತೀನಿ, ಅಮ್ಮನ್ನ ಪರೀಕ್ಷೆ ಮಾಡಿಲ್ಲ, ಹಾಗಾಗಿ ಇದು ಸಾಮಾನ್ಯವಾಗಿ ಹೇಳೋ ಮಾತು ಅಷ್ಟೇ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾದ ಹೆಂಗಸರಿಗೆ ಮೂರು ವಾರಕ್ಕೆ 50 ಮಿಗ್ರಾಂ ಅನ್ನೋದು ಪುಸ್ತಕದಲ್ಲೇ ಇರೋ ಡೋಸ್. ನಿಮ್ಮ ಡಾಕ್ಟ್ರು ಕಣ್ಣು ಮುಚ್ಕೊಂಡು ಕೊಟ್ಟಿದ್ದಲ್ಲ. ಆದ್ರೆ ಅದು ಹಳೇ ಪುಸ್ತಕ. ಸಾಂದ್ರತೆ ಏರಿದ್ರೂ ಮುಂದೆ ಮೂಳೆ ಮುರಿಯೋದು ಕಮ್ಮಿ ಆಗತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಅದಕ್ಕಿಂತ ಒಳ್ಳೇ ಮದ್ದು ಬಂದು ಎಷ್ಟೋ ಕಾಲ ಆಯ್ತು.

ಧ್ವನಿ ವಿಚಾರ ಮಾತ್ರ ತಡ ಮಾಡ್ಬೇಡಿ. ಹೆಂಗಸರಲ್ಲಿ ಈ ಔಷಧಿಯಿಂದ ಧ್ವನಿತಂತು ದಪ್ಪ ಆಗತ್ತೆ. ಶುರುವಿನಲ್ಲೇ ನಿಲ್ಲಿಸಿದ್ರೆ ಅಲ್ಲಿಗೇ ನಿಲ್ಲಬಹುದು, ಮುಂದುವರಿಸಿದ್ರೆ ಆ ಬದಲಾವಣೆ ವಾಪಸ್ ಬರದೇ ಹೋಗಬಹುದು. ಮುಂದಿನ ಇಂಜೆಕ್ಷನ್‌ಗೆ ಮುಂಚೆ ಅದೇ ಡಾಕ್ಟ್ರಿಗೆ ಇದನ್ನ ಹೇಳಿ. ಗದ್ದದ ಮೇಲೆ ಕೂದಲು, ಮೊಡವೆ, ಪಾದ ಊತ ಇದ್ಯಾ ನೋಡಿ. ಬಿಪಿ ಮಾತ್ರೆ ತಗೋತಾರಾ?

ತೋಟದ_ಮನೆ
ಬಿಪಿ ಮಾತ್ರೆ ಹೌದು. ಸಂಜೆ ಹೊತ್ತಿಗೆ ಪಾದ ಊದ್ಕೊಳ್ತದೆ, ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳ್ತದೆ. ವಯಸ್ಸಾಯ್ತಲ್ಲ ಅಂತ ಬಿಟ್ಟಿದ್ವಿ.

ಹಿನ್ನೀರು_ವೈದ್ಯೆ
ಈ ಔಷಧಿ ಉಪ್ಪು, ನೀರು ಎರಡನ್ನೂ ದೇಹದಲ್ಲಿ ಹಿಡಿದಿಡತ್ತೆ. ಬಿಪಿ ಇರೋರಿಗೆ ಅದೂ ಒಂದು ತೊಂದರೆ. ಇದನ್ನೂ ಹೇಳಿ ಡಾಕ್ಟ್ರಿಗೆ. ಕವಳ ಹಾಕ್ತಾರಾ, ಹೊಗೆಸೊಪ್ಪು ಸೇರಿಸಿ? ಹಾಗಿದ್ರೆ ಕಿವಿ-ಮೂಗು-ಗಂಟಲು ಡಾಕ್ಟ್ರ ಹತ್ರ ಗಂಟಲೂ ತೋರಿಸಿ. ಧ್ವನಿ ಕೆಟ್ಟಿದ್ದೆಲ್ಲ ಇಂಜೆಕ್ಷನ್ ತಲೆ ಮೇಲೆ ಹಾಕಿ ಬೇರೆ ಕಾಯಿಲೆ ತಪ್ಪಿಸ್ಕೊಳ್ಳಬಾರ್ದು. ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ.

ಗಾಜನೂರು_ಗಿರಿ
ನಮ್ಮೂರಲ್ಲಿ ಡಾಕ್ಟ್ರು ಇಂಜೆಕ್ಷನ್ ಕೊಡ್ಲಿಲ್ಲ ಅಂದ್ರೆ "ಆ ಡಾಕ್ಟ್ರಿಗೆ ಎಂತದೂ ಗೊತ್ತಿಲ್ಲ" ಅಂತಾರೆ. ಒಂದು ಸೂಜಿ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಂಡ್ರೇನೇ ದುಡ್ಡು ಕೊಟ್ಟಿದ್ದು ವಸೂಲಾದ ಹಾಗೆ. ಡಾಕ್ಟ್ರನ್ನ ಬೈಯೋಕ್ ಮುಂಚೆ ನಮ್ಮನ್ನ ನಾವು ನೋಡ್ಕೋಬೇಕು.

ಕೊನೆಗೌಡ_ಹೊಸನಗರ
ಇದು ಸತ್ಯ. ಮಂಗನ ಕಾಯಿಲೆ ಬಂದು ಎದ್ದ ಮೇಲೆ ನಮ್ಮಪ್ಪ ತಿಂಗಳಾನುಗಟ್ಟಲೆ ಸುಸ್ತಾಗಿ ಕೂತಿದ್ರು. ಸಿಕ್ಕ ಸಿಕ್ಕವರೆಲ್ಲ "ಶಕ್ತಿ ಇಂಜೆಕ್ಷನ್ ಹಾಕ್ಸಿ" ಅಂತ ಸಲಹೆ. ಆಗ ಒಬ್ರು ಹಳೇ ಡಾಕ್ಟ್ರು ಬೈದು ಮೊಟ್ಟೆ, ಹುರುಳಿ ಕಟ್ಟಿನ ಸಾರು, ದಿನಾ ನಡೆಯೋದು ಅಂತ ಬರೆದು ಕಳಿಸಿದ್ರು. ಚೀಟಿಲಿ ಹುರುಳಿ ಸಾರು ಅಂತ ಬರೆದಿದ್ದು ನೋಡಿ ಮೆಡಿಕಲ್ ಶಾಪ್‌ನೋನು ನಕ್ಕಿದ್ದ.

ಮೆಡಿಕಲ್_ಮಂಜ
ನಾನಲ್ಲ ಅದು.

ಐರನ್_ಮಲ್ನಾಡ್
ಮೊದಲು ತಮಾಷೆ ಮಾಡಿದ್ದು ಬಿಡಿ. ಆದ್ರೆ ಒಂದು ಮಾತು. ಡೆಕಾ ಅಂದ ತಕ್ಷಣ ವಿಷ ಅನ್ನೋ ಥರ ಮಾತಾಡ್ತಾರೆ ಎಲ್ರೂ. 68 ವರ್ಷದ ಅಮ್ಮನಿಗೆ ಕೊಡೋ ಔಷಧಿ 24 ವರ್ಷದ ಹುಡುಗನಿಗೆ ಹೆಂಗೆ ವಿಷ ಆಗ್ತದೆ? ಸರಿಯಾಗಿ ಸೈಕಲ್ ಮಾಡಿ (ಕೆಲವು ವಾರ ಹಾಕಿ ನಿಲ್ಲಿಸೋದು), ಆಮೇಲೆ ಪಿಸಿಟಿ, ಅಂದ್ರೆ ದೇಹದ ಸ್ವಂತ ಹಾರ್ಮೋನ್ ವಾಪಸ್ ಬರಕ್ಕೆ ಮಾತ್ರೆ, ಮಾಡಿದ್ರೆ ಏನೂ ಆಗಲ್ಲ. ನಮ್ ಕೋಚ್ ಹತ್ತು ವರ್ಷದಿಂದ ಮಾಡ್ತಿದ್ದಾರೆ, ಕಲ್ಲುಗುಂಡಿನ ಹಂಗಿದ್ದಾರೆ.

ಹಳೇ_ಜಟ್ಟಿ
ತಮ್ಮಾ, ಕಲ್ಲುಗುಂಡಿನ ಹಾಗೆ ಹೊರಗೆ ಕಾಣೋದು. ಒಳಗೆ ಹೃದಯ ಹೆಂಗಿದೆ ಅಂತ ಎಕೋ ಮಾಡ್ಸಿದ್ದಾರಾ ನಿಮ್ ಕೋಚ್?

ಭದ್ರಾವತಿ ಗರಡಿಲಿ ನಾವು ಮಣ್ಣಲ್ಲಿ ಹೊರಳಾಡ್ತಿದ್ದಾಗ ಬಾದಾಮಿ, ಹಾಲು, ತುಪ್ಪ ಅಷ್ಟೇ. ದಸರಾ ಕುಸ್ತಿಗೆ ಇಳಿದ್ರೂ ಯಾರೂ ಸೂಜಿ ಮುಟ್ಟಿರ್ಲಿಲ್ಲ.

ಐರನ್_ಮಲ್ನಾಡ್
ಆ ಕಾಲದ ಫೋಟೋ ನೋಡಿದ್ರೆ ಗೊತ್ತಾಗ್ತದೆ ಅಜ್ಜ, ಅರ್ಧ ಜನಕ್ಕೆ ಹೊಟ್ಟೆ ಇತ್ತು.

ಹಳೇ_ಜಟ್ಟಿ
ಹೊಟ್ಟೆ ಇತ್ತು. ಮೂರು ಮಕ್ಳೂ ಇದ್ದಾರೆ.

ಗಾಜನೂರು_ಗಿರಿ
😂😂 ಅಜ್ಜ ಒಂದೇ ಪಟ್ಟಿಗೆ ಚಿತ್ ಮಾಡಿಬಿಟ್ರು.

ಹಿನ್ನೀರು_ವೈದ್ಯೆ
ಅಜ್ಜ ನಗಿಸೋಕೆ ಹೇಳಿದ್ರೂ ವಿಷಯ ಅಲ್ಲೇ ಇದೆ. ಐರನ್ ಅವರೇ, ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ಉತ್ತರ ಕೊಡ್ತೀನಿ.

ಮೊದಲನೇದು ಪ್ರಮಾಣ. ಅಮ್ಮನಿಗೆ ಮೂರು ವಾರಕ್ಕೆ 50 ಮಿಗ್ರಾಂ. ಜಿಮ್‌ನಲ್ಲಿ ಹಾಕ್ಕೊಳ್ಳೋದು ವಾರದ ಲೆಕ್ಕದಲ್ಲಿ ಅದರ ಹತ್ತಿಪ್ಪತ್ತು ಪಟ್ಟು, ಅದೂ ಒಂದೇ ಔಷಧಿ ಅಲ್ಲ, ಜೊತೆಗೆ ಟೆಸ್ಟೋಸ್ಟೆರೋನ್, ಮೇಲೆ ಮಾತ್ರೆ. ಮಾತ್ರೆಗಳಲ್ಲಿ ತುಂಬಾ ನಮೂನೆ ಲಿವರ್‌ಗೆ ನೇರವಾಗಿ ಹೊಡೆತ ಕೊಡುವಂಥವು.

ಎರಡನೇದು, ಹೊರಗಿಂದ ಹಾರ್ಮೋನ್ ಬಂತು ಅಂದ ತಕ್ಷಣ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ "ಇನ್ನು ಬೇಡ" ಅಂತ ವೃಷಣಕ್ಕೆ ಕಳಿಸೋ ಸಂದೇಶ ನಿಲ್ಲಿಸತ್ತೆ. ವೃಷಣ ಸಣ್ಣ ಆಗತ್ತೆ, ವೀರ್ಯಾಣು ಇಳಿಯತ್ತೆ, ಕೆಲವರಿಗೆ ಸೊನ್ನೆ. ನ್ಯಾಂಡ್ರೊಲೋನ್ ಎಣ್ಣೆಲಿ ಕೂತು ನಿಧಾನ ಬಿಡೋದ್ರಿಂದ ಕೊನೇ ಸೂಜಿ ಆದ ಮೇಲೂ ವಾರಗಟ್ಟಲೆ ಈ ತಡೆ ಮುಂದುವರಿಯತ್ತೆ. ನಿಲ್ಲಿಸಿದ ಮೇಲೆ ಹುಡುಗರು ಮಂಕಾಗಿ ಹಾಸಿಗೆ ಹಿಡಿಯೋದು, ಮತ್ತೆ ಸೂಜಿಗೇ ಹೋಗೋದು ಇಲ್ಲಿಂದಲೇ. ಪಿಸಿಟಿ ಅಂತ ತಗೊಳ್ಳೋ ಮಾತ್ರೆಗಳೂ ಬಂಜೆತನ, ಸ್ತನ ಕ್ಯಾನ್ಸರ್ ಚಿಕಿತ್ಸೆಯ ಔಷಧಿಗಳೇ. ಜಿಮ್‌ನೋರು ಹೇಳಿದ ಲೆಕ್ಕದಲ್ಲಿ ನುಂಗಿದ್ರೆ ಎಲ್ಲಾ ಮೊದಲಿನಂತಾಗತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲ.

ಮೂರನೇದು ಹೃದಯ. ಒಳ್ಳೇ ಕೊಲೆಸ್ಟೆರಾಲ್ ಕುಸಿಯತ್ತೆ, ರಕ್ತ ಗಟ್ಟಿ ಆಗತ್ತೆ, ಹೃದಯದ ಗೋಡೆ ದಪ್ಪ ಆಗತ್ತೆ. ಇದು ಯಾವುದೂ ಕನ್ನಡಿಲಿ ಕಾಣಲ್ಲ.

ಕಬಡ್ಡಿ_ರೈಡರ್_07
ಡಾಕ್ಟ್ರೇ, ನಮ್ ಏರಿಯಾಲಿ ಪಿಯುಸಿ ಹುಡುಗ್ರೂ ಹಾಕ್ಕೊಳ್ತಾರೆ. ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಅವರಿಗೆ ಬೇಗ ದೇಹ ಬರ್ತದಂತೆ?

ಹಿನ್ನೀರು_ವೈದ್ಯೆ
ದೇಹ ಬರಬಹುದು, ಎತ್ತರ ನಿಲ್ಲತ್ತೆ. ಉದ್ದ ಮೂಳೆಗಳ ತುದಿಲಿ ಬೆಳವಣಿಗೆ ಪಟ್ಟಿ ಇರತ್ತೆ, ಈ ಹಾರ್ಮೋನ್‌ಗಳು ಅದನ್ನ ಬೇಗ ಮುಚ್ಚಿಬಿಡ್ತವೆ. ಮುಚ್ಚಿದ ಮೇಲೆ ಮತ್ತೆ ತೆರೆಯಲ್ಲ.

ಮಳೆ_ಹುಡುಗಿ
ನನ್ನ ತಮ್ಮನ ಕಥೆ ಹೇಳ್ತೀನಿ, ಊರು ಹೇಳಲ್ಲ. ಬೆಂಗಳೂರಲ್ಲಿ ಕೆಲಸ, ಜಿಮ್ ಹುಚ್ಚು. ಟ್ರೈನರ್ ಒಬ್ಬ ಮಾತಾಡಿ ಮಾತಾಡಿ ಸೂಜಿಗೆ ಇಳಿಸಿದ. ಮೊದಲು ನಾವೂ ಖುಷಿಪಟ್ವಿ, ಎಂಥ ಮೈಕಟ್ಟು ಅಂತ. ಆಮೇಲೆ ಬೆನ್ನ ತುಂಬಾ ಮೊಡವೆ. ಸಣ್ಣ ಮಾತಿಗೆ ಸಿಡಿಮಿಡಿ, ಅಮ್ಮನ ಮೇಲೇ ತಟ್ಟೆ ಎಸೆದ. ಕೊನೆಗೆ ಎದೆ ಹೆಣ್ಣುಮಕ್ಕಳ ಥರ ಬೆಳೀತು, ಮುಟ್ಟಿದ್ರೆ ನೋವು. ಮಳೆಗಾಲದಲ್ಲಿ ಊರಿಗೆ ಬಂದೋನು ತೋಟದ ಕೆರೆಗೆ ಅಂಗಿ ಹಾಕ್ಕೊಂಡೇ ಇಳಿದಿದ್ದ, ಆವಾಗ ನಂಗೆ ಅನುಮಾನ ಬಂತು. ಆಪರೇಷನ್ ಮಾಡಿ ತೆಗೆಸಬೇಕಾಯ್ತು. ಮನೆಯೋರಿಗೆ ಅಪೆಂಡಿಕ್ಸ್ ಅಂತ ಹೇಳಿದ್ದಾನೆ.

ಗಂಡು ಹಾರ್ಮೋನ್ ಚುಚ್ಚಿಸ್ಕೊಂಡ್ರೆ ಎದೆ ಯಾಕೆ ಹೆಣ್ಣಿನ ಥರ ಆಗ್ತದೆ ಅಂತ ನಂಗೆ ಇನ್ನೂ ಅರ್ಥ ಆಗಿಲ್ಲ ಡಾಕ್ಟ್ರೇ.

ಹಿನ್ನೀರು_ವೈದ್ಯೆ
ಹೆಚ್ಚಾದ ಟೆಸ್ಟೋಸ್ಟೆರೋನನ್ನ ದೇಹ ಈಸ್ಟ್ರೊಜೆನ್ ಆಗಿ ಬದಲಾಯಿಸತ್ತೆ. ಅದು ಹೆಣ್ಣು ಹಾರ್ಮೋನ್. ನ್ಯಾಂಡ್ರೊಲೋನ್ ಅಷ್ಟು ಬದಲಾಗಲ್ಲ, ಆದ್ರೆ ಅವರು ಅದೊಂದನ್ನೇ ಎಲ್ಲಿ ತಗೋತಾರೆ. ತಮ್ಮ ಈಗ ಹೇಗಿದ್ದಾರೆ?

ಮಳೆ_ಹುಡುಗಿ
ಜಿಮ್ ಬಿಟ್ಟ. ಈಗ ವಾರಾಂತ್ಯ ಆದ್ರೆ ಕೊಡಚಾದ್ರಿ, ಕುಂದಾದ್ರಿ ಅಂತ ಹತ್ತುತ್ತಾ ಇರ್ತಾನೆ. ಇಂಬಳ ಕಚ್ಚಿಸ್ಕೊಂಡು ಬರ್ತಾನೆ, ಅದೇ ವಾಸಿ.

ಗಾಜನೂರು_ಗಿರಿ
ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಕಾಲಿಗೆ ಸವರ್ಕೊಂಡು ಹೋಗಕ್ಕೆ ಹೇಳಿ.

ತುಂಗಾತೀರ
ವಿಷಯಕ್ಕೆ ಬನ್ನಿ. ಹಂಗಾದ್ರೆ ಈ ಡೆಕಾನ ಪೂರ್ತಿ ಬ್ಯಾನ್ ಮಾಡಬಹುದಲ್ಲ? ಅಮ್ಮಂದಿರಿಗೂ ಬೇಡ, ಹುಡುಗ್ರಿಗೂ ಬೇಡ.

ಡಯಾಲಿಸಿಸ್_ಮನೆ
ದಯವಿಟ್ಟು ಹಾಗೆ ಹೇಳ್ಬೇಡಿ. ನಮ್ಮಪ್ಪಂಗೆ ಕಿಡ್ನಿ ಎರಡೂ ಹೋಗಿತ್ತು. ತುಂಬಾ ಹಿಂದಿನ ಮಾತು, ಶಿವಮೊಗ್ಗದಿಂದ ಮಣಿಪಾಲಕ್ಕೆ ಬಸ್ಸಲ್ಲಿ ಆಗುಂಬೆ ಘಾಟಿ ಇಳಿದು ಡಯಾಲಿಸಿಸ್ ಮಾಡಿಸ್ಕೊಂಡು ಬರ್ತಿದ್ವಿ. ಹಿಮೋಗ್ಲೋಬಿನ್ ಐದು, ಆರು. ಮಂಚದಿಂದ ಬಚ್ಚಲಿಗೆ ಹೋಗಿ ಬಂದ್ರೆ ಏದುಸಿರು. ಕಿಡ್ನಿ ಸರಿ ಇದ್ರೆ ರಕ್ತ ತಯಾರಿಸೋ ಹಾರ್ಮೋನ್ ಅಲ್ಲಿಂದ ಬರ್ಬೇಕು, ಅದೇ ಇಲ್ಲ. ಆ ಹಾರ್ಮೋನಿನದೇ ಇಂಜೆಕ್ಷನ್, ಎರಿತ್ರೊಪೊಯಿಟಿನ್, ಆಗ ನಮ್ಮ ಕೈಗೆ ಎಟುಕೋ ಬೆಲೆ ಅಲ್ಲ. ಡಾಕ್ಟ್ರು ವಾರಕ್ಕೊಂದು ನ್ಯಾಂಡ್ರೊಲೋನ್ ಕೊಟ್ರು. ಅದರಿಂದ ರಕ್ತ ಸ್ವಲ್ಪ ಏರ್ತಿತ್ತು, ಪದೇ ಪದೇ ರಕ್ತ ಕೊಡಿಸೋದು ತಪ್ತಿತ್ತು. ಆ ಸೀಸೆಗಳ ಮೇಲೆ ನಂಗೆ ಈಗ್ಲೂ ಸಿಟ್ಟಿಲ್ಲ.

ಹಿನ್ನೀರು_ವೈದ್ಯೆ
ಇದನ್ನ ಹೇಳಿದ್ದು ಒಳ್ಳೇದಾಯ್ತು. ಎರಿತ್ರೊಪೊಯಿಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 1989ರಲ್ಲಿ. ಅದಕ್ಕೂ ಮುಂಚೆ ಕಿಡ್ನಿ ರೋಗಿಗಳ ರಕ್ತಹೀನತೆಗೆ ರಕ್ತ ಕೊಡಿಸೋದು ಬಿಟ್ರೆ ಇಂಥ ಔಷಧಿಗಳೇ ಆಧಾರ. ನ್ಯಾಂಡ್ರೊಲೋನ್ ಡೆಕನೋಯೇಟ್ ಮಾರುಕಟ್ಟೆಗೆ ಬಂದಿದ್ದು 1962ರಲ್ಲಿ, ಆರ್ಗನಾನ್ ಅನ್ನೋ ಡಚ್ ಕಂಪನಿಯಿಂದ. ಮೂಳೆ ಮಜ್ಜೆ ರಕ್ತ ತಯಾರಿಸೋದನ್ನೇ ನಿಲ್ಲಿಸೋ ಅಪ್ಲಾಸ್ಟಿಕ್ ಅನೀಮಿಯಾದಲ್ಲೂ ಇದೇ ಕುಟುಂಬದ ಔಷಧಿಗಳು ಕೆಲಸಕ್ಕೆ ಬಂದಿವೆ. ಸ್ಟಾನೊಜೊಲಾಲ್ ಅಂತ ಒಂದಿದೆ. 1988ರ ಸೋಲ್ ಒಲಿಂಪಿಕ್ಸಲ್ಲಿ ಬೆನ್ ಜಾನ್ಸನ್ 100 ಮೀಟರ್ ಚಿನ್ನ ಕಳ್ಕೊಂಡಿದ್ದು ಅದರಿಂದಲೇ. ಅದೇ ಔಷಧಿನ ಮುಖ, ಗಂಟಲು ಇದ್ದಕ್ಕಿದ್ದಂತೆ ಊದಿ ಉಸಿರು ಕಟ್ಟೋ ಒಂದು ಆನುವಂಶಿಕ ಕಾಯಿಲೆ ತಡೆಯೋಕೆ ಡಾಕ್ಟ್ರುಗಳು ಬಳಸಿದ್ದಾರೆ.

ಹಾಗಂತ ಯಾರಿಗೆ ಕೊಡಲೇಬಾರ್ದು ಅನ್ನೋದೂ ಗೊತ್ತಿರ್ಲಿ. ಬಸುರಿಯರಿಗೆ, ಪ್ರಾಸ್ಟೇಟ್ ಕ್ಯಾನ್ಸರ್ ಇರೋರಿಗೆ, ಸ್ತನ ಕ್ಯಾನ್ಸರ್ ಇರೋ ಗಂಡಸರಿಗೆ ಬೇಡವೇ ಬೇಡ. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಕರಗಿಸೋದು ಕಡಲೆಕಾಯಿ ಎಣ್ಣೆಲಿ, ಹಾಗಾಗಿ ಶೇಂಗಾ ಅಲರ್ಜಿ ಇರೋರು ಮೊದಲೇ ಹೇಳ್ಬೇಕು. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರಿಗೆ ಅದರ ಪ್ರಭಾವ ಜಾಸ್ತಿ ಮಾಡತ್ತೆ.

ಕಬಡ್ಡಿ_ರೈಡರ್_07
ನಂದೊಂದು ಪ್ರಶ್ನೆ. ನಾನು ಯೂನಿವರ್ಸಿಟಿ ಲೆವೆಲ್ ಆಡ್ತೀನಿ. ನೆಹರು ಸ್ಟೇಡಿಯಂ ಹತ್ರ ಒಬ್ರು ಹೇಳಿದ್ರು, ಟೂರ್ನಮೆಂಟ್‌ಗೆ ಒಂದು ತಿಂಗಳ ಮುಂಚೆ ನಿಲ್ಲಿಸಿದ್ರೆ ಟೆಸ್ಟಲ್ಲಿ ಬರಲ್ಲ ಅಂತ. ನಾನು ಹಾಕ್ಕೊಳ್ಳಲ್ಲ, ಸುಮ್ನೆ ತಿಳ್ಕೊಳ್ಳಕ್ಕೆ ಕೇಳ್ತಿದ್ದೀನಿ.

ಹಳೇ_ಜಟ್ಟಿ
ಸುಮ್ನೆ ತಿಳ್ಕೊಳ್ಳಕ್ಕೆ 😏

ಓಟದ_ಮೇಷ್ಟ್ರು
ತಮ್ಮಾ, ಇದಕ್ಕೆ ನಾನು ಹೇಳ್ತೀನಿ, ದೈಹಿಕ ಶಿಕ್ಷಣದ ಮೇಷ್ಟ್ರು ನಾನು. ನಿಂಗೆ ಹೇಳ್ದೋರು ಸುಳ್ಳು ಹೇಳಿದ್ದಾರೆ. ಈ ಡೆಕನೋಯೇಟ್ ಮೂತ್ರದಲ್ಲಿ ತಿಂಗಳುಗಟ್ಟಲೆ ಸಿಕ್ಕಿಬೀಳ್ತದೆ, ವರ್ಷ ದಾಟಿದ ಮೇಲೂ ಸಿಗಬಹುದು. ಅವರು ಹುಡುಕೋದು ನ್ಯಾಂಡ್ರೊಲೋನನ್ನೇ ಅಲ್ಲ, ದೇಹ ಅದನ್ನ ಒಡೆದಾಗ ಉಳಿಯೋ ಚೂರನ್ನ. ಸ್ಟೀರಾಯ್ಡ್ ಪರೀಕ್ಷೆ 1976ರ ಮಾಂಟ್ರಿಯಲ್ ಒಲಿಂಪಿಕ್ಸಿಂದಲೇ ಶುರು ಆಗಿದೆ, ಈಗಿನ ಯಂತ್ರಗಳು ಆಗಿನ ಥರ ಅಲ್ಲ.

ನಮ್ಮಲ್ಲಿ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಇದೆ, 2022ರಲ್ಲಿ ಉದ್ದೀಪನ ಮದ್ದು ತಡೆಗೆ ಕಾಯ್ದೆನೇ ಬಂದಿದೆ. ಗೊತ್ತಿದ್ದೇ ತಗೊಂಡಿದ್ದು ಅಂತಾದ್ರೆ ಮೊದಲ ಸಲಕ್ಕೇ ನಾಲ್ಕು ವರ್ಷ ಆಟ ಇಲ್ಲ. ನಿನ್ನ ವಯಸ್ಸಲ್ಲಿ ನಾಲ್ಕು ವರ್ಷ ಅಂದ್ರೆ ಆಟವೇ ಮುಗೀತು.

ಇನ್ನೊಂದು, ಡಬ್ಬಿ ಪೌಡರ್ ಬಗ್ಗೆ. 2011ರಲ್ಲಿ ನಮ್ಮ ದೇಶದ ರಿಲೇ ಓಟಗಾರ್ತಿಯರು ಮೆಥಾಂಡಿಯೆನೋನ್ ಅನ್ನೋ ಇನ್ನೊಂದು ಸ್ಟೀರಾಯ್ಡ್‌ಗೆ ಸಿಕ್ಕಿಬಿದ್ದಾಗ ಕೋಚ್ ತರಿಸಿಕೊಟ್ಟ ಜಿನ್ಸೆಂಗ್‌ನಲ್ಲೇ ಬೆರೆತಿತ್ತು ಅಂತ ಹೇಳ್ಕೊಂಡ್ರು. ಆದ್ರೂ ನಿಷೇಧ ತಪ್ಪಲಿಲ್ಲ. ಬಾಯಿಗೆ ಹೋಗಿದ್ದಕ್ಕೆಲ್ಲ ಆಟಗಾರನೇ ಹೊಣೆ, ಯಾರು ಕೊಟ್ರು ಅನ್ನೋದು ಆಮೇಲಿನ ಮಾತು.

ಕಬಡ್ಡಿ_ರೈಡರ್_07
ಮೇಷ್ಟ್ರೇ, ಹಂಗಾದ್ರೆ ನಿಜವಾಗ್ಲೂ ಕಾಯಿಲೆ ಆಗಿ ಡಾಕ್ಟ್ರು ಬರೆದು ಕೊಟ್ರೆ?

ಓಟದ_ಮೇಷ್ಟ್ರು
ಅದಕ್ಕೆ ಮೊದಲೇ ಅರ್ಜಿ ಹಾಕಿ ಚಿಕಿತ್ಸಾ ವಿನಾಯಿತಿ ತಗೋಬೇಕು. ದಾಖಲೆ ಪೂರ್ತಿ ಕೊಡ್ಬೇಕು, ಬೇರೆ ಔಷಧಿಲಿ ಆಗಲ್ಲ ಅಂತ ತೋರಿಸ್ಬೇಕು. "ಸುಸ್ತಿಗೆ" ಅಂತ ಬರೆಸ್ಕೊಂಡು ಬಂದ ಚೀಟಿಗೆ ಯಾರೂ ಕೊಡಲ್ಲ. ನೆಗಡಿಗೆ ಮಾತ್ರೆ ತಗೊಂಡ್ರೂ ಡಾಕ್ಟ್ರಿಗೆ "ನಾನು ಆಟಗಾರ" ಅಂತ ಹೇಳೋದು ಅಭ್ಯಾಸ ಮಾಡ್ಕೋ.

ಶಕ್ತಿಮಾನ್_ಸಪ್ಲೈ
[ಈ ಸಂದೇಶ ತೆಗೆಯಲಾಗಿದೆ]

ನಿರ್ವಾಹಕ
ಫೋನ್ ನಂಬರ್ ಹಾಕಿ ಸೀಸೆ ಮಾರೋದು ಇಲ್ಲಿ ಬೇಡ. ಆ ಖಾತೆ ತೆಗೆದಿದ್ದೀವಿ.

ಮೆಡಿಕಲ್_ಮಂಜ
ತೆಗೆದಿದ್ದು ಒಳ್ಳೇದಾಯ್ತು. ಆ ಥರ ಬರೋ ಮಾಲಲ್ಲಿ ಲೇಬಲ್ ಒಂದು, ಒಳಗೆ ಇನ್ನೊಂದು. ಎಣ್ಣೆ ಶುದ್ಧ ಇರಲ್ಲ, ಸೊಂಟದಲ್ಲಿ ಕೀವು ಕಟ್ಟಿ ಕೊಯ್ಸಿಕೊಂಡವರನ್ನ ನೋಡಿದ್ದೀನಿ. ಒಂದೇ ಸೂಜಿ ನಾಲ್ಕು ಜನ ಹಂಚ್ಕೊಂಡ್ರೆ ಹೆಪಟೈಟಿಸ್, ಎಚ್‌ಐವಿ ಎಲ್ಲಾ ಉಚಿತ. ಹುಡುಗ್ರು ನಮ್ಮ ಅಂಗಡಿಗೆ ಬಂದು "ಅಜ್ಜಿಗೆ" ಅಂತ ಕೇಳ್ತಾರೆ. ಅಜ್ಜಿಗೆ ಒಂದೇ ಸಲ ಹತ್ತು ಸೀಸೆ ಯಾಕೋ ಅಂದ್ರೆ ಬೈಕ್ ಹತ್ತಿ ಹೋಗ್ತಾರೆ.

ಐರನ್_ಮಲ್ನಾಡ್
ಎಲ್ಲಾ ಓದಿದೆ. ವಾದ ಮಾಡಲ್ಲ. ಆದ್ರೆ ಡಾಕ್ಟ್ರೇ, ಈಗಾಗ್ಲೇ ಹಾಕ್ಕೊಂಡಿರೋರು ಇಲ್ಲಿ ಓದ್ತಿರ್ತಾರೆ. ಡಾಕ್ಟ್ರ ಹತ್ರ ಹೋದ್ರೆ ಮೊದಲು ಬೈಗುಳ, ಆಮೇಲೆ ಅಪ್ಪಂಗೆ ಫೋನ್. ಅದಕ್ಕೇ ಯಾರೂ ಹೋಗಲ್ಲ.

ಹಿನ್ನೀರು_ವೈದ್ಯೆ
ಇದು ನಮ್ಮ ಕಡೆಯ ತಪ್ಪೇ, ಒಪ್ತೀನಿ. 18 ದಾಟಿದ್ರೆ ಅಪ್ಪಂಗೆ ಹೇಳೋ ಹಕ್ಕು ಡಾಕ್ಟ್ರಿಗೆ ಇಲ್ಲ. ಹೋಗಿ, ಏನು ಎಷ್ಟು ದಿನ ತಗೊಂಡಿದ್ದು ಅಂತ ಮುಚ್ಚಿಡದೆ ಹೇಳಿ. ಬಿಪಿ, ರಕ್ತದ ಪ್ರಮಾಣ, ಕೊಲೆಸ್ಟೆರಾಲ್, ಲಿವರ್ ಪರೀಕ್ಷೆ, ಟೆಸ್ಟೋಸ್ಟೆರೋನ್, ಇಷ್ಟು ಮಾಡಿಸಿದ್ರೆ ಎಲ್ಲಿದ್ದೀರಿ ಅಂತ ಗೊತ್ತಾಗತ್ತೆ. ನಿಲ್ಲಿಸಿದ ಮೇಲೆ ಮನಸ್ಸು ತೀರಾ ಕುಗ್ಗಿದ್ರೆ, ಬದುಕೇ ಬೇಡ ಅನ್ನಿಸಿದ್ರೆ ಅವತ್ತೇ ಹೋಗಿ, ಕಾಯಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಲಿ ಮಾನಸಿಕ ವಿಭಾಗ ಇದೆ.

ತೋಟದ_ಮನೆ
ಎಲ್ಲರಿಗೂ ಧನ್ಯವಾದ. ಅಮ್ಮನ್ನ ಕರ್ಕೊಂಡು ಅದೇ ಡಾಕ್ಟ್ರ ಹತ್ರ ಹೋಗಿದ್ದೆ. ಜಗಳ ಆಡ್ಬೇಕು ಅಂತಿದ್ದೆ, ಅವ್ರೇ ಅಮ್ಮನ ಮಾತು ಕೇಳಿ "ಇನ್ನು ಇದು ಬೇಡ" ಅಂದ್ರು. ಶಿವಮೊಗ್ಗದಲ್ಲಿ ಮೂಳೆ ಸಾಂದ್ರತೆ ಸ್ಕ್ಯಾನ್ ಮಾಡಿಸಿದ್ವಿ, ಮೈನಸ್ 3ರ ಹತ್ರ ಬಂತು. ಮೈನಸ್ 2.5ಕ್ಕಿಂತ ಕೆಳಗಿದ್ರೆ ಮೂಳೆ ಟೊಳ್ಳು ಅಂತಾರಂತೆ. ವಿಟಮಿನ್ ಡಿ ಕೂಡ ತೀರಾ ಕಮ್ಮಿ. ಅಂಗಳದಲ್ಲೇ ಇರ್ತಾಳೆ, ಆದ್ರೆ ನಮ್ಮಲ್ಲಿ ಆರು ತಿಂಗಳು ಸೂರ್ಯ ಎಲ್ಲಿ ಕಾಣ್ತಾನೆ. ಈಗ ಕ್ಯಾಲ್ಸಿಯಂ, ಡಿ, ಮತ್ತೆ ಮೂಳೆ ಸವೆಯೋದು ತಡೆಯಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಗ್ರಾಂ ಮಾತ್ರೆ ಬರೆದಿದ್ದಾರೆ. ಗಂಟಲು ನೋಡಿದ್ರು, ಗಂಟು ಏನಿಲ್ಲ ಅಂದ್ರು. ಧ್ವನಿ ಪೂರ್ತಿ ವಾಪಸ್ ಬರ್ತದೆ ಅಂತ ಭರವಸೆ ಕೊಡ್ಲಿಲ್ಲ. ಅಮ್ಮ "ಇನ್ಮೇಲೆ ಕೆಳಗಿನ ಶ್ರುತಿಲಿ ಹಾಡ್ತೀನಿ ಬಿಡು" ಅಂತಿದ್ದಾಳೆ.

ಆ ವಾರದ ಮಾತ್ರೆದೇ ದೊಡ್ಡ ಕಥೆ. ಬೆಳಿಗ್ಗೆ ಖಾಲಿ ಹೊಟ್ಟೆಲಿ ಒಂದು ಲೋಟ ನೀರಲ್ಲಿ ನುಂಗಿ ಅರ್ಧ ಗಂಟೆ ಮಲಗೋ ಹಾಗಿಲ್ಲ, ಏನೂ ತಿನ್ನೋ ಹಾಗಿಲ್ಲ ಅಂದ್ರು. ಅಮ್ಮಂಗೆ ಎದ್ದ ತಕ್ಷಣ ಕಾಫಿ ಬೇಕು. ಕಾಫಿ ಕುಡಿಬಹುದಾ ಡಾಕ್ಟ್ರೇ?

ಹಿನ್ನೀರು_ವೈದ್ಯೆ
ಇಲ್ಲ. ಕಾಫಿ, ಹಾಲು ಯಾವುದರ ಜೊತೆಗೂ ಮಾತ್ರೆ ಮೈಗೆ ಹಿಡಿಯಲ್ಲ. ಬರೀ ನೀರು. ಕ್ಯಾಲ್ಸಿಯಂ ಮಾತ್ರೆನೂ ಅದರ ಜೊತೆ ಬೇಡ, ಊಟದ ಹೊತ್ತಿಗೆ ಕೊಡಿ. ಮಲಗಬೇಡಿ ಅಂದಿದ್ದು ಮಾತ್ರೆ ಅನ್ನನಾಳದಲ್ಲಿ ನಿಂತ್ರೆ ಹುಣ್ಣು ಮಾಡತ್ತೆ ಅಂತ. ಅರ್ಧ ಗಂಟೆ ಅಂಗಳದಲ್ಲಿ ಓಡಾಡ್ಲಿ, ಪಾಚಿ ತಿಕ್ಕಿಸಿದ ಮೇಲೆ.

ಕೊನೆಗೌಡ_ಹೊಸನಗರ
ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಪೊರಕೆಲಿ ತಿಕ್ಸಿ, ಆಮೇಲೆ ಅಡಿಕೆ ದಬ್ಬೆ ಹಾಸಿ. ನಮ್ಮನೆಲಿ ಅದೇ ಮಾಡೋದು.

ತೋಟದ_ಮನೆ
ದಬ್ಬೆ ಹಾಸಿ ಆಯ್ತು. ಅಮ್ಮ ಇನ್ನೊಂದು ಕೇಳ್ತಿದ್ದಾಳೆ, ಆ ಅರ್ಧ ಗಂಟೆಲಿ ಕವಳ?

ಹಿನ್ನೀರು_ವೈದ್ಯೆ
ಅದೂ ಬೇಡ ಅಂತ ಹೇಳಿ. ಹೊಗೆಸೊಪ್ಪು ಆ ಅರ್ಧ ಗಂಟೆ ಆದ ಮೇಲೂ ಬೇಡ.

ಹಳೇ_ಜಟ್ಟಿ
ಇದನ್ನ ಹೇಳಕ್ಕೆ ನೀವೇ ತೀರ್ಥಹಳ್ಳಿಗೆ ಹೋಗ್ಬೇಕಾಗ್ತದೆ ಡಾಕ್ಟ್ರೇ, ಮಗನ ಕೈಲಿ ಆಗೋ ಕೆಲಸ ಅಲ್ಲ ಅದು.